ಕೋಳಿ ಭ್ರೂಣದ ಆರು ಸ್ಲೈಡಿನ ಪೆಟ್ಟಿಗೆ: ಲ್ಯಾಬಿಗೆ ತರಿಸುವ ಮೊದಲು ಓದಿ

ಕಾಸರಗೋಡು, ಮಂಜೇಶ್ವರ ಕಡೆಯ ಹೈಯರ್ ಸೆಕೆಂಡರಿ ಶಾಲೆ, ಕಾಲೇಜುಗಳು ಜೀವಶಾಸ್ತ್ರದ ಲ್ಯಾಬಿಗೆ ಸಾಮಾನು ತರಿಸುವಾಗ ಪಟ್ಟಿಯಲ್ಲಿ ಆಗಾಗ ಕಾಣುವ ಒಂದು ಸಾಲು ‘ಚಿಕ್ ಎಂಬ್ರಿಯೊ, ಹೋಲ್ ಮೌಂಟ್, 6 ಸ್ಲೈಡ್’. ಬರುವುದು ಒಂದು ಸಣ್ಣ ಪೆಟ್ಟಿಗೆ. ಒಳಗೆ 18, 24, 33, 48, 72 ಮತ್ತು 96 ಗಂಟೆ ಕಾವು ಕೊಟ್ಟ ಕೋಳಿ ಭ್ರೂಣಗಳನ್ನು ಇಡಿಯಾಗಿ ಬಣ್ಣ ಹಾಕಿ, ಗಾಜಿನ ಮೇಲೆ ಶಾಶ್ವತವಾಗಿ ಕೂರಿಸಿದ ಆರು ಸ್ಲೈಡುಗಳು, ಜೊತೆಗೆ ಮಡಚಿದ ಒಂದು ಚಾರ್ಟು. ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾದರೂ ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ. ಹಾಗಾಗಿ ಇಲ್ಲಿ ಯಾವ ಕಂಪೆನಿಯ ಹೆಸರನ್ನೂ ಎತ್ತದೆ ಈ ಬಗೆಯ ಪೆಟ್ಟಿಗೆಯನ್ನೇ ಪರೀಕ್ಷಿಸಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಆರನ್ನೂ ಕೊಳ್ಳಬೇಕಾಗಿಲ್ಲ. 18, 33, 48, 72 ಗಂಟೆಯ ನಾಲ್ಕನ್ನು ಬಿಡಿಯಾಗಿ ತರಿಸಿ, ಉಳಿದ ಹಣಕ್ಕೆ 72 ಗಂಟೆಯ ಭ್ರೂಣದ ನಡು ಭಾಗದ ಅಡ್ಡ ಸೀಳಿಕೆಯ ಸ್ಲೈಡ್ ಒಂದನ್ನು ಸೇರಿಸಿಕೊಳ್ಳಿ. ಒಂದೇ ಮೊಟ್ಟೆಯಿಂದ ಹೊರಟ ಜೀವಕೋಶಗಳು ಒಂದು ಕಡೆ ನರವಾಗಿ, ಇನ್ನೊಂದು ಕಡೆ ಸ್ನಾಯುವಾಗಿ, ಮತ್ತೊಂದು ಕಡೆ ಎಲುಬಾಗಿ ಹೇಗೆ ಬೇರೆಯಾಗುತ್ತವೆ ಎಂದು ಕಲಿಸುವುದು ಉದ್ದೇಶವಾದರೆ ಅತಿ ಹೆಚ್ಚು ಕೆಲಸಕ್ಕೆ ಬರುವುದು ಆ ಐದನೆಯ ಸ್ಲೈಡೇ. ಪೆಟ್ಟಿಗೆ ಮಾಡುವವರು ಅದನ್ನು ಸೇರಿಸುವುದಿಲ್ಲ.

ಪೆಟ್ಟಿಗೆಯ ದೊಡ್ಡ ಮಿತಿ ಬಣ್ಣದಲ್ಲಿದೆ. ಬಳಸುವುದು ಬೋರಾಕ್ಸ್ ಕಾರ್ಮೈನ್ ಅಥವಾ ಹೆಮಟಾಕ್ಸಿಲಿನ್. ಇವು ಕೋಶಕೇಂದ್ರ ಇರುವಲ್ಲೆಲ್ಲ ಹಿಡಿಯುತ್ತವೆ, ಕೋಶಗಳು ಒತ್ತಾಗಿರುವ ಕಡೆ ಕಡುವಾಗಿ, ವಿರಳವಾಗಿರುವ ಕಡೆ ತೆಳುವಾಗಿ. ಆಕಾರ ಚೆನ್ನಾಗಿ ಕಾಣುತ್ತದೆ. ಆದರೆ ಆಕಾರ ಮೂಡುವುದಕ್ಕೆ ಮೊದಲೇ ಆ ಕೋಶ ಏನಾಗಬೇಕೆಂದು ತೀರ್ಮಾನಿಸುವ ಜೀನ್ ನಿಯಂತ್ರಕ ಪ್ರೋಟೀನುಗಳು, ಅಂದರೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರುಗಳು, ಈ ಬಣ್ಣದಲ್ಲಿ ಕಾಣುವುದಿಲ್ಲ. ಅವನ್ನು ನೋಡಬೇಕಾದರೆ ಆಯಾ ಪ್ರೋಟೀನಿಗೇ ಅಂಟುವ ಆಂಟಿಬಾಡಿ ಬೇಕು, ಇಲ್ಲವೇ ಆಯಾ ಜೀನಿನ ಆರ್‌ಎನ್‌ಎಗೆ ಕೂಡಿಕೊಳ್ಳುವ ಪ್ರೋಬ್ ಬೇಕು. ಅದು ಸಂಶೋಧನಾ ಲ್ಯಾಬಿನ ಕೆಲಸ. ಜೊತೆಗೆ ಬರುವ ಚಾರ್ಟಿನಲ್ಲೂ ಅಂಗಗಳ ಹೆಸರು ಬಿಟ್ಟರೆ ಪ್ರೋಟೀನಿನ ಸುದ್ದಿಯೇ ಇಲ್ಲ. ಈ ಕೊರತೆಯನ್ನು ತುಂಬಿಕೊಳ್ಳುವ ದಾರಿ ಇದೆ, ಮುಂದೆ ಹೇಳುತ್ತೇವೆ.

ಸ್ಲೈಡುಗಳನ್ನು ಒಂದೊಂದಾಗಿ ನೋಡೋಣ. 18 ಗಂಟೆಯದರಲ್ಲಿ ಕಾಣುವುದು ಪ್ರಿಮಿಟಿವ್ ಸ್ಟ್ರೀಕ್, ಭ್ರೂಣದ ತಟ್ಟೆಯ ನಡುವೆ ಎಳೆದಂತಿರುವ ಕಡು ಗೆರೆ. ಮಕ್ಕಳಿಗೆ ನೀರಸವಾಗಿ ಕಂಡರೂ ಪಾಠ ಶುರುವಾಗಬೇಕಾದ್ದು ಇಲ್ಲಿಂದಲೇ. ಗೆರೆಯ ಮೂಲಕ ಒಳಗಿಳಿಯುವ ಕೋಶಗಳಲ್ಲಿ ಬ್ರಾಕಿಯೂರಿ ಎಂಬ ಪ್ರೋಟೀನ್ ತಯಾರಾಗುತ್ತಿರುತ್ತದೆ. ಮೇಲೆಯೇ ಉಳಿದು ನರಮಂಡಲವಾಗಲಿರುವ ಕೋಶಗಳಲ್ಲಿ ಸಾಕ್ಸ್ 2 ಇರುತ್ತದೆ. ಗಾಜಿನ ಮೇಲೆ ಎರಡೂ ಒಂದೇ ಬಣ್ಣ.

24 ಗಂಟೆಯ ಸ್ಲೈಡ್ ಬಿಡಬಹುದು. ಅದರಲ್ಲಿ ಇರುವುದೆಲ್ಲ 33ರಲ್ಲಿ ಇನ್ನೂ ಸ್ಪಷ್ಟವಾಗಿ ಸಿಗುತ್ತದೆ.

33 ಗಂಟೆಯದು ಇಡೀ ಪೆಟ್ಟಿಗೆಯಲ್ಲಿ ನೋಡಲು ಅತ್ಯಂತ ಸುಂದರ. ಮೆದುಳಿನ ಮೂರು ಉಬ್ಬುಗಳು, ಬದಿಗೆ ಚಾಚಿದ ಕಣ್ಣಿನ ಮೊಳಕೆ, ಬಲಕ್ಕೆ ಬಾಗತೊಡಗಿದ ಹೃದಯದ ಕೊಳವೆ, ಹಿಂದೆ ಇಟ್ಟಿಗೆ ಜೋಡಿಸಿದಂತೆ ಸೊಮೈಟುಗಳು (ಮುಂದೆ ಎಲುಬು, ಸ್ನಾಯುಗಳಾಗುವ ಕೋಶಗಳ ಗುಂಪುಗಳು). ಹೃದಯ ಮೊದಲ ಸಲ ಮಿಡಿಯುವುದೂ ಈ ಹೊತ್ತಿಗೇ. ಆ ಕೊಳವೆಯ ಕೋಶಗಳಲ್ಲಿ ಎನ್‌ಕೆಎಕ್ಸ್ 2.5, ಗಾಟಾ 4, ಟಿಬಿಎಕ್ಸ್ 5 ಮೂರೂ ಒಟ್ಟಿಗೆ ಇರುತ್ತವೆ, ಒಂದನ್ನೊಂದು ಹಿಡಿದುಕೊಂಡು ಹೃದಯಸ್ನಾಯುವಿನ ಜೀನುಗಳನ್ನು ಎಬ್ಬಿಸುತ್ತವೆ. ಮನುಷ್ಯರಲ್ಲಿ ಟಿಬಿಎಕ್ಸ್ 5ರ ಒಂದು ಪ್ರತಿ ಕೆಟ್ಟರೆ ಹೃದಯದ ಗೋಡೆಯಲ್ಲಿ ತೂತು, ಕೈಯ ಎಲುಬಿನಲ್ಲಿ ದೋಷ ಎರಡೂ ಕಾಣಿಸಿಕೊಳ್ಳುವ ಹೋಲ್ಟ್-ಓರಮ್ ಸಿಂಡ್ರೋಮ್ ಬರುತ್ತದೆ. ಹೃದಯಕ್ಕೂ ಕೈಗೂ ಏನು ಸಂಬಂಧ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರ 72 ಗಂಟೆಯ ಸ್ಲೈಡಿನಲ್ಲಿದೆ.

48 ಗಂಟೆಯದರಲ್ಲಿ ತಲೆ ಪಕ್ಕಕ್ಕೆ ಹೊರಳಿರುತ್ತದೆ. ಕಣ್ಣಿನ ಉಬ್ಬು ಒಳಕ್ಕೆ ಮಡಚಿ ಬಟ್ಟಲಾಗುತ್ತ, ಎದುರಿನ ಚರ್ಮದ ಪದರ ಮಸೂರವಾಗಲು ದಪ್ಪಗಾಗುತ್ತಿರುತ್ತದೆ. ಇಲ್ಲಿ ಪ್ಯಾಕ್ಸ್ 6 ಬಗ್ಗೆ ಮಾತಾಡಲೇಬೇಕು. 1995ರಲ್ಲಿ ವಾಲ್ಟರ್ ಗೇರಿಂಗ್ ಅವರ ತಂಡ ಹಣ್ಣುನೊಣದ ಪ್ಯಾಕ್ಸ್ 6 ಜೀನನ್ನು ಅದರ ರೆಕ್ಕೆ, ಕಾಲುಗಳಾಗುವ ಭಾಗದಲ್ಲಿ ಚಾಲೂ ಮಾಡಿದಾಗ ಅಲ್ಲೇ ಕಣ್ಣು ಮೂಡಿತು. ಇಲಿಯ ಜೀನ್ ಹಾಕಿದರೂ ಮೂಡಿತು, ನೊಣದ ಕಣ್ಣೇ ಮೂಡಿತು. ಇದನ್ನು ಕೇಳಿದವರು ‘ಪ್ಯಾಕ್ಸ್ 6 ಎಂದರೆ ಕಣ್ಣಿನ ಜೀನ್’ ಎಂದು ಬರೆದುಕೊಂಡುಬಿಡುತ್ತಾರೆ. ಅದು ತಪ್ಪು. ಇದೇ ಪ್ರೋಟೀನ್ ಮುಂದೆ ಮೆದುಳು, ಬೆನ್ನುಹುರಿಯಾಗುವ ನರನಾಳದಲ್ಲೂ ಇದೆ, ಮೇದೋಜೀರಕ ಗ್ರಂಥಿಯಲ್ಲೂ ಇದೆ. ಕೋಳಿಯ ಮಸೂರದಲ್ಲಿ ಅದು ಸಾಕ್ಸ್ 2 ಜೊತೆ ಸೇರಿ ಡೆಲ್ಟಾ ಕ್ರಿಸ್ಟಲಿನ್ ಜೀನಿನ ಎನ್‌ಹ್ಯಾನ್ಸರ್ ಭಾಗದ (ಜೀನಿನ ಕೆಲಸವನ್ನು ಏರಿಸುವ ಡಿಎನ್ಎ ತುಣುಕಿನ) ಮೇಲೆ ಕೂತಾಗ ಮಾತ್ರ ಮಸೂರದ ಪ್ರೋಟೀನ್ ಧಾರಾಳವಾಗಿ ತಯಾರಾಗುತ್ತದೆ; ಒಂಟಿಯಾಗಿ ಎರಡಕ್ಕೂ ಆ ಬಲವಿಲ್ಲ. ಯಾವ ಪ್ರೋಟೀನ್ ಇದೆ ಎನ್ನುವಷ್ಟೇ ಮುಖ್ಯ, ಯಾವುದರ ಜೊತೆ ಇದೆ ಎನ್ನುವುದು.

ಅದೇ ಸ್ಲೈಡಿನ ಸೊಮೈಟುಗಳ ಸಾಲನ್ನೂ ಬಿಡಬೇಡಿ. ಮುಂದಿನದ್ದೂ ಹಿಂದಿನದ್ದೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಆದರೂ ಮುಂದಿನವು ಕುತ್ತಿಗೆಯ ಎಲುಬಾಗುತ್ತವೆ, ಹಿಂದಿನವು ಪಕ್ಕೆಲುಬು ಹೊರುವ ಎಲುಬಾಗುತ್ತವೆ. ವ್ಯತ್ಯಾಸ ಇರುವುದು ದೇಹದ ಉದ್ದಕ್ಕೂ ಯಾವ ಭಾಗ ಏನಾಗಬೇಕೆಂದು ಗುರುತಿಸುವ ಹಾಕ್ಸ್ ಪ್ರೋಟೀನುಗಳಲ್ಲಿ. ಕೋಳಿಯ ಕುತ್ತಿಗೆಯಲ್ಲಿ 14 ಎಲುಬು, ಇಲಿಯದರಲ್ಲಿ 7. ಹಾಗಿದ್ದರೂ ಹಾಕ್ಸ್ ಸಿ6 ಶುರುವಾಗುವುದು ಎರಡರಲ್ಲೂ ಕುತ್ತಿಗೆ ಮುಗಿದು ಎದೆ ಆರಂಭವಾಗುವ ಗಡಿಯಲ್ಲೇ.

ಇನ್ನು 72 ಗಂಟೆ. ರೆಕ್ಕೆಯ ಮೊಗ್ಗು, ಕಾಲಿನ ಮೊಗ್ಗು ಎರಡೂ ಎದ್ದಿರುತ್ತವೆ. ಚಾರ್ಟನ್ನು ಮುಚ್ಚಿಟ್ಟು ಮೊಗ್ಗುಗಳನ್ನು ಮಾತ್ರ ತೋರಿಸಿದರೆ ಯಾವುದು ರೆಕ್ಕೆ, ಯಾವುದು ಕಾಲು ಎಂದು ಹೇಳುವುದು ಕಷ್ಟ. ಪ್ರೋಟೀನಿನಲ್ಲಿ ಆಗಲೇ ಬೇರೆ: ರೆಕ್ಕೆಯ ಮೊಗ್ಗಿನಲ್ಲಿ ಟಿಬಿಎಕ್ಸ್ 5 (ಹೃದಯದಲ್ಲಿ ಕಂಡ ಅದೇ ಪ್ರೋಟೀನ್), ಕಾಲಿನದರಲ್ಲಿ ಟಿಬಿಎಕ್ಸ್ 4 ಮತ್ತು ಪಿಟ್ಕ್ಸ್ 1. ‘ಟಿಬಿಎಕ್ಸ್ 5 ರೆಕ್ಕೆ ಮಾಡುತ್ತದೆ, ಟಿಬಿಎಕ್ಸ್ 4 ಕಾಲು ಮಾಡುತ್ತದೆ’ ಎಂಬ ಸುಲಭದ ಹೇಳಿಕೆಯನ್ನು ಮಾತ್ರ ಕಲಿಸಬೇಡಿ. ಇಲಿಯ ಮುಂಗಾಲಿನಲ್ಲಿ ಟಿಬಿಎಕ್ಸ್ 5 ತೆಗೆದು ಆ ಜಾಗಕ್ಕೆ ಟಿಬಿಎಕ್ಸ್ 4 ಹಾಕಿದರೆ ಬೆಳೆಯುವುದು ಮುಂಗಾಲೇ. ಮೊಗ್ಗು ಹೊರಗೆ ಚಾಚಲು ಇವು ಬೇಕು. ಕಾಲಿನತನ ಕೊಡುವುದರಲ್ಲಿ ಹೆಚ್ಚಿನ ಪಾಲು ಪಿಟ್ಕ್ಸ್ 1ರದು. 1999ರಲ್ಲಿ ಕೋಳಿಯ ರೆಕ್ಕೆಯ ಮೊಗ್ಗಿನಲ್ಲಿ ಪಿಟ್ಕ್ಸ್ 1 ಬರುವಂತೆ ಮಾಡಿದಾಗ ರೆಕ್ಕೆಗೆ ಕಾಲಿನ ಲಕ್ಷಣಗಳು ಬಂದವು. ಕಣ್ಣಿಗೆ ಒಂದೇ ಥರ ಕಾಣುವ ಎರಡು ಮೊಗ್ಗುಗಳು, ಒಳಗೆ ಬೇರೆ ಬೇರೆ ಪ್ರೋಟೀನು. ಕೋಶದ ಬಗೆ ಹೇಗೆ ನಿಗದಿಯಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಜಾಗ ಪೆಟ್ಟಿಗೆಯಲ್ಲಿ ಬೇರೆ ಇಲ್ಲ.

96 ಗಂಟೆಯದು ಹಣಕ್ಕೆ ತಕ್ಕದ್ದಲ್ಲ. ಭ್ರೂಣ ಇಡಿಯಾಗಿ ಕೂರಿಸಲಾಗದಷ್ಟು ದಪ್ಪಗಾಗಿರುತ್ತದೆ, ಬಣ್ಣ ಒಳಗೆಲ್ಲ ಕಟ್ಟಿಕೊಂಡು ನಡು ಭಾಗ ಕಪ್ಪು ಮುದ್ದೆ. ಮೇಲಿನ ಗಾಜಿಗೆ ಆಧಾರ ಕೊಡದಿದ್ದರೆ ಭ್ರೂಣ ಚಪ್ಪಟೆಯಾಗಿರುತ್ತದೆ, ಕೊಟ್ಟಿದ್ದರೆ ಅಂಟು ಒಣಗುತ್ತ ಕುಗ್ಗಿ ಅಂಚಿನಿಂದ ಗಾಳಿಗುಳ್ಳೆ ನುಗ್ಗುತ್ತದೆ.

ಈಗ ಅಡ್ಡ ಸೀಳಿಕೆಯ ಸ್ಲೈಡಿಗೆ ಬರೋಣ. ಮೇಲೆ ನರನಾಳ, ನಡುವೆ ಉದ್ದನೆಯ ಸೀಳುಗಂಡಿ. ಅದರ ಬುಡಕ್ಕೆ ಅಂಟಿದಂತೆ ದುಂಡಗಿನ ನೊಟೊಕಾರ್ಡ್, ಭ್ರೂಣದ ಬೆನ್ನಿನುದ್ದಕ್ಕೂ ಹಾಯುವ ಕಡ್ಡಿಯಂಥ ಆಧಾರ. ಎರಡು ಬದಿಗೆ ಸೊಮೈಟಿನಿಂದ ಬಂದ ಭಾಗಗಳು. ನೊಟೊಕಾರ್ಡ್ ಸಾನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನನ್ನು ಸುರಿಸುತ್ತದೆ. ಗಮನಿಸಿ, ಇದು ಜೀನ್ ನಿಯಂತ್ರಕ ಅಲ್ಲ, ಕೋಶದಿಂದ ಕೋಶಕ್ಕೆ ಹೋಗುವ ಸಂದೇಶ. ಕೋಶಕೇಂದ್ರದೊಳಗೆ ಜೀನಿನ ಮೇಲೆ ಕೂರುವುದು ಗ್ಲಿ ಎಂಬ ಬೇರೆ ಪ್ರೋಟೀನ್. ಉತ್ತರಪತ್ರಿಕೆಗಳಲ್ಲಿ ಈ ಎರಡನ್ನು ಕಲಸಿಬಿಡುವುದು ಸಾಮಾನ್ಯ. ಬುಡದ ಕೋಶಗಳಿಗೆ ಸಂದೇಶ ಹೆಚ್ಚು ಸಿಗುತ್ತದೆ, ಹೆಚ್ಚು ಹೊತ್ತೂ ಸಿಗುತ್ತದೆ. ಮೇಲಕ್ಕೆ ಹೋದಂತೆ ಕಡಿಮೆ. ತೀರ ಬುಡದಲ್ಲಿ ನೆಲತಟ್ಟೆ, ಅದರ ಗುರುತು ಫಾಕ್ಸ್ ಎ2. ಅದರ ಮೇಲೆ ಎನ್‌ಕೆಎಕ್ಸ್ 2.2ರ ಸಣ್ಣ ಪಟ್ಟಿ. ಅದರ ಮೇಲೆ ಆಲಿಗ್ 2ರ ಪಟ್ಟಿ, ಸ್ನಾಯುಗಳಿಗೆ ಆಜ್ಞೆ ಒಯ್ಯುವ ಮೋಟಾರ್ ನರಕೋಶಗಳು ಹುಟ್ಟುವುದು ಇಲ್ಲಿಂದ. ಪ್ಯಾಕ್ಸ್ 6 ಆಲಿಗ್ 2ರ ಪಟ್ಟಿಯಲ್ಲಿ ತೆಳುವಾಗಿ, ಅದರ ಮೇಲೆ ದಟ್ಟವಾಗಿ. ಮೇಲರ್ಧದಲ್ಲಿ ಪ್ಯಾಕ್ಸ್ 7.

ಸಂದೇಶ ನಿಧಾನವಾಗಿ ಕಡಿಮೆಯಾಗುತ್ತ ಹೋಗುವಾಗ ಪಟ್ಟಿಗಳ ಅಂಚು ಮಾತ್ರ ಹೇಗೆ ಕತ್ತರಿಸಿದಷ್ಟು ಚೊಕ್ಕ? ಪ್ಯಾಕ್ಸ್ 6 ಇರುವ ಕೋಶದಲ್ಲಿ ಅದು ಎನ್‌ಕೆಎಕ್ಸ್ 2.2 ಜೀನನ್ನು ಅದುಮುತ್ತದೆ, ಎನ್‌ಕೆಎಕ್ಸ್ 2.2 ಇರುವಲ್ಲಿ ಅದು ಪ್ಯಾಕ್ಸ್ 6 ಜೀನನ್ನು ಅದುಮುತ್ತದೆ. ನಡುವಿನ ಕೋಶಕ್ಕೆ ಎರಡನ್ನೂ ಇಟ್ಟುಕೊಂಡು ಕೂರಲು ಆಗುವುದಿಲ್ಲ, ಯಾವುದಾದರೂ ಒಂದು ಕಡೆ ವಾಲಲೇಬೇಕು. ಎಲ್ಲ ಕೋಶದಲ್ಲೂ ಎಲ್ಲ ಜೀನುಗಳಿವೆ; ಯಾವುದು ತೆರೆದಿದೆ, ಯಾವುದನ್ನು ಅದುಮಿಟ್ಟಿದೆ ಎಂಬುದರಲ್ಲೇ ಬಗೆ ಇದೆ.

ಸ್ಲೈಡಿನಲ್ಲಿ ಕಾಣದ ಈ ಪಟ್ಟಿಗಳನ್ನು ತೋರಿಸಲು ಓಎಚ್‌ಪಿ ಶೀಟು ಸಾಕು. ಅಡ್ಡ ಸೀಳಿಕೆಯನ್ನು 10X ಆಬ್ಜೆಕ್ಟಿವಿನಲ್ಲಿ ಹೊಂದಿಸಿ, ಐಪೀಸಿಗೆ ಫೋನ್ ಹಿಡಿದು ಫೋಟೊ ತೆಗೆದು, ನರನಾಳ ಒಂದು ಗೇಣಿನಷ್ಟು ಬರುವಂತೆ ಎ4 ಹಾಳೆಯಲ್ಲಿ ಪ್ರಿಂಟ್ ಮಾಡಿ. ಅದರ ಮೇಲೆ ಐದು ಪಾರದರ್ಶಕ ಶೀಟುಗಳು, ಅಳಿಸಲಾಗದ ಮಾರ್ಕರ್: ಹೆಡ್ಜ್‌ಹಾಗ್ ಸಂದೇಶಕ್ಕೆ ಕಪ್ಪು ಚುಕ್ಕೆ (ಬುಡದಲ್ಲಿ ಒತ್ತಾಗಿ, ಮೇಲೆ ವಿರಳವಾಗಿ), ಎನ್‌ಕೆಎಕ್ಸ್ 2.2ಕ್ಕೆ ಕೆಂಪು, ಆಲಿಗ್ 2ಕ್ಕೆ ಹಸಿರು, ಪ್ಯಾಕ್ಸ್ 6ಕ್ಕೆ ನೀಲಿ, ಪ್ಯಾಕ್ಸ್ 7ಕ್ಕೆ ಹಳದಿ. ನಾಲ್ಕು ಮೂಲೆಯಲ್ಲೂ ಅಡ್ಡಗುರುತು ಹಾಕದಿದ್ದರೆ ಶೀಟುಗಳು ಜಾರಿ ಪಟ್ಟಿಗಳೆಲ್ಲ ತಪ್ಪು ಜಾಗಕ್ಕೆ ಹೋಗುತ್ತವೆ. ನೀಲಿ ಹಸಿರಿನ ಮೇಲೆ ಬರಬೇಕು, ಕೆಂಪಿನ ಮೇಲೆ ಬರಬಾರದು. ಹಳದಿ ನೀಲಿಯ ಮೇಲೆ ಬಂದರೆ ಸರಿ. ಆಮೇಲೆ ಕಪ್ಪು ಚುಕ್ಕೆಯ ಶೀಟನ್ನು ಎತ್ತಿ ತೆಗೆದು, ಉಳಿದ ಪಟ್ಟಿಗಳು ಈಗ ಎಲ್ಲಿರಬೇಕು ಎಂದು ಕೇಳಿ. ಕೋಳಿ ಭ್ರೂಣದಿಂದ ನೊಟೊಕಾರ್ಡ್ ತೆಗೆದರೆ ಆಗುವುದು ಇದು: ಕೆಂಪೂ ಹಸಿರೂ ಇಲ್ಲ, ಮೇಲಿದ್ದ ಪ್ಯಾಕ್ಸ್ ಪ್ರೋಟೀನುಗಳು ಬುಡದವರೆಗೆ ಇಳಿಯುತ್ತವೆ, ಮೋಟಾರ್ ನರಕೋಶಗಳು ಹುಟ್ಟುವುದಿಲ್ಲ. ಇನ್ನೊಂದು ನೊಟೊಕಾರ್ಡನ್ನು ನರನಾಳದ ಬದಿಗೆ ಕಸಿ ಮಾಡಿದರೆ ಆ ಬದಿಯಲ್ಲೂ ನೆಲತಟ್ಟೆ, ಮೋಟಾರ್ ನರಕೋಶ ಮೂಡುತ್ತವೆ.

ಅದೇ ಸೀಳಿಕೆಯಲ್ಲಿ ಸೊಮೈಟಿನ ಪಾಠವೂ ಇದೆ. ನೊಟೊಕಾರ್ಡಿನ ಹತ್ತಿರದ ಕೋಶಗಳಲ್ಲಿ ಪ್ಯಾಕ್ಸ್ 1, ಆಮೇಲೆ ಸಾಕ್ಸ್ 9 ಬಂದು ಅವು ಮೃದ್ವಸ್ಥಿಯತ್ತ ಹೋಗುತ್ತವೆ. ಮೇಲಿನ ಪದರದಲ್ಲಿ ಪ್ಯಾಕ್ಸ್ 3 ಉಳಿದು, ಅದರಿಂದ ಸ್ನಾಯುವಾಗುವ ಕೋಶಗಳಲ್ಲಿ ಎಂವೈಎಫ್ 5, ಮಯೋಡಿ ಎಚ್ಚರಗೊಳ್ಳುತ್ತವೆ. 1987ರಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಅವರ ಲ್ಯಾಬಿನಲ್ಲಿ ಇಲಿಯ ಫೈಬ್ರೊಬ್ಲಾಸ್ಟ್ (ಸ್ನಾಯುವಲ್ಲದ, ಸಂಯೋಜಕ ಅಂಗಾಂಶದ) ಕೋಶಗಳಿಗೆ ಮಯೋಡಿ ಒಂದನ್ನೇ ಸೇರಿಸಿ ಸ್ನಾಯುಕೋಶಗಳನ್ನಾಗಿ ಮಾಡಿದ್ದರು. 10X ಸಾಲದು ಎಂದು 40Xಗೆ ಹೋಗುವವರು ಸೀಳಿಕೆಯಲ್ಲಿ ಹೋಗಬಹುದು. ಇಡಿಯಾದ ಭ್ರೂಣದ ಸ್ಲೈಡಿನಲ್ಲಿ ಬೇಡ: 40X ಆಬ್ಜೆಕ್ಟಿವಿಗೂ ಗಾಜಿಗೂ ನಡುವೆ ಒಂದು ಮಿಲಿಮೀಟರೂ ಇರುವುದಿಲ್ಲ, ದಪ್ಪ ಸ್ಲೈಡು ಬಿರಿಯುತ್ತದೆ, ಲೆನ್ಸೂ ಗೀಚಿಹೋಗುತ್ತದೆ.

ಗುಣಮಟ್ಟದ ವಿಷಯದಲ್ಲಿ ದೊಡ್ಡ ದೂರು ಲೇಬಲ್ಲಿನದು. ಬರೆದ ಗಂಟೆಯೂ ಒಳಗಿನ ಭ್ರೂಣವೂ ತಾಳೆಯಾಗದ ಸ್ಲೈಡುಗಳು ಸಾಕಷ್ಟು ಬರುತ್ತವೆ. ಗಂಟೆಯನ್ನು ನಂಬದೆ ಸೊಮೈಟ್ ಜೋಡಿಗಳನ್ನು ಎಣಿಸಿ. ವಿಕ್ಟರ್ ಹ್ಯಾಂಬರ್ಗರ್, ಹೊವರ್ಡ್ ಹ್ಯಾಮಿಲ್ಟನ್ 1951ರಲ್ಲಿ ಕೋಳಿ ಭ್ರೂಣದ ಬೆಳವಣಿಗೆಯನ್ನು 46 ಹಂತವಾಗಿ ವಿಂಗಡಿಸಿದರು. ಇಂದಿಗೂ ಅಳತೆಗೋಲು ಅದೇ. 4 ಜೋಡಿ ಇದ್ದರೆ 8ನೆಯ ಹಂತ, 26ರಿಂದ 29 ಗಂಟೆ. 10 ಜೋಡಿ ಇದ್ದರೆ 10ನೆಯ ಹಂತ, 33ರಿಂದ 38 ಗಂಟೆ. 16 ಜೋಡಿ 12ನೆಯ ಹಂತ, 45ರಿಂದ 49 ಗಂಟೆ. 22 ಜೋಡಿ 14ನೆಯ ಹಂತ, 50ರಿಂದ 53 ಗಂಟೆ. ಹೊಸ ಜೋಡಿಯೊಂದು ಮೂಡಲು ಸುಮಾರು 90 ನಿಮಿಷ ಬೇಕು. ‘33 ಗಂಟೆ’ ಎಂದು ಬರೆದದ್ದರಲ್ಲಿ 5 ಜೋಡಿ ಮಾತ್ರ ಇದ್ದರೆ ವಾಪಸ್ ಕಳಿಸಿ. ಭ್ರೂಣ ಬೋರಲು ಕೂತಿದೆಯೇ ಎಂದೂ ನೋಡಬೇಕು: ಮೇಲಿನಿಂದ ನೋಡುವಾಗ ಹೃದಯದ ಬಾಗು ಬಲಕ್ಕೆ ಕಾಣಬೇಕಾದ್ದು, ತಿರುವಿ ಕೂರಿಸಿದ್ದರೆ ಎಡಕ್ಕೆ ಕಾಣುತ್ತದೆ, ಮಕ್ಕಳು ಅದನ್ನೇ ಚಿತ್ರ ಬಿಡಿಸುತ್ತಾರೆ.

ನಮ್ಮ ಕಡೆಯ ಹವೆಗೆ ಈ ಸ್ಲೈಡುಗಳು ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ. ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ. ಆಟಿ ತಿಂಗಳಲ್ಲಿ ಮುಚ್ಚಿದ ಕಪಾಟಿನೊಳಗೂ ಬೂಷ್ಟು. ಕಾಗದದ ಲೇಬಲ್ ಮೊದಲು ಕಳಚುತ್ತದೆ, ಹಾಗಾಗಿ ಬಂದ ದಿನವೇ ಗಾಜಿನ ಅಂಚಿನಲ್ಲಿ ವಜ್ರದ ಪೆನ್ಸಿಲಿನಿಂದ ಗಂಟೆಯನ್ನೂ ಸೊಮೈಟ್ ಸಂಖ್ಯೆಯನ್ನೂ ಕೊರೆದಿಡಿ. ಪೆಟ್ಟಿಗೆಯನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ನೀಲಿ ಸಿಲಿಕಾ ಜೆಲ್ ಹಾಕಿ. ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಸ್ಲೈಡು ಯಾವಾಗಲೂ ಮಲಗಿರಬೇಕು. ನಿಲ್ಲಿಸಿಟ್ಟರೆ ಪೂರ್ತಿ ಗಟ್ಟಿಯಾಗದ ಅಂಟಿನಲ್ಲಿ ಭ್ರೂಣ ಮೆಲ್ಲಗೆ ಒಂದು ಬದಿಗೆ ಜಾರುತ್ತದೆ. ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಲ್ಲಿ ಕೂರಿಸಿದ್ದು ವರ್ಷ ಕಳೆದಂತೆ ಹಳದಿಯಾಗುತ್ತದೆ, ಡಿಪಿಎಕ್ಸ್ ಎಂಬ ಕೃತಕ ಅಂಟು ಹಳದಿಯಾಗುವುದಿಲ್ಲ ಆದರೆ ಹೆಚ್ಚು ಕುಗ್ಗುತ್ತದೆ. ತೆಳ್ಳಗಿನ ಸೀಳಿಕೆಗೆ ಡಿಪಿಎಕ್ಸ್ ಕೇಳಿ.

ಪೆಟ್ಟಿಗೆಯ ಬದಲು ಜೀವಂತ ಭ್ರೂಣವನ್ನೇ ತೋರಿಸಬಹುದಲ್ಲ ಎಂದರೆ, ಖಂಡಿತ ತೋರಿಸಬಹುದು, ಮಿಡಿಯುವ ಹೃದಯವನ್ನು ಯಾವ ಸ್ಲೈಡೂ ಕೊಡಲಾರದು. ಆದರೆ ಅಂಗಡಿಯ ಬಿಳಿ ಮೊಟ್ಟೆ, ನಾಮಕ್ಕಲ್ಲಿನಿಂದ ಲಾರಿಯಲ್ಲಿ ಬರುವಂಥದ್ದು, ಆಗುವುದಿಲ್ಲ. ಆ ಫಾರ್ಮುಗಳಲ್ಲಿ ಹುಂಜವೇ ಇಲ್ಲ. ಹುಂಜದ ಜೊತೆ ಬಿಟ್ಟು ಸಾಕಿದ ಊರ ಕೋಳಿಯ ಅಥವಾ ಗ್ರಾಮಶ್ರೀ ಕೋಳಿಯ ಮೊಟ್ಟೆ ಬೇಕು. ಕರಾವಳಿಯಲ್ಲಿ ಹೆಚ್ಚಿನ ಪ್ರಯತ್ನಗಳು ಕೆಡುವುದು ಕಾವು ಕೊಡುವ ಮೊದಲೇ. ಇಪ್ಪತ್ತು ಡಿಗ್ರಿ ಚಿಲ್ಲರೆ ದಾಟಿದರೆ ಭ್ರೂಣ ನಿಧಾನವಾಗಿ, ಕ್ರಮ ತಪ್ಪಿ ಬೆಳೆಯತೊಡಗುತ್ತದೆ. ಬೇಸಿಗೆಯಲ್ಲಿ ಅಡಿಗೆಮನೆಯ ಬುಟ್ಟಿಯಲ್ಲಿ ನಾಲ್ಕು ದಿನ ಕೂತ ಮೊಟ್ಟೆಯೊಳಗೆ ಭ್ರೂಣ ಸತ್ತಿರುತ್ತದೆ, ಇಲ್ಲವೇ ವಯಸ್ಸು ಲೆಕ್ಕಕ್ಕೆ ಸಿಗುವುದಿಲ್ಲ. ಅದೇ ಬೆಳಗ್ಗೆ ಇಟ್ಟ ಮೊಟ್ಟೆ ತನ್ನಿ. ಕೆಲವು ದಿನ ಇಟ್ಟುಕೊಳ್ಳಲೇಬೇಕಾದರೆ 13ರಿಂದ 16 ಡಿಗ್ರಿಯಲ್ಲಿಟ್ಟು, ಒಂದು ವಾರದೊಳಗೆ ಬಳಸಿ.

ಮೊಟ್ಟೆಯನ್ನು ಅಡ್ಡ ಮಲಗಿಸಿ, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, 37.5ರಿಂದ 38 ಡಿಗ್ರಿ, ಶೇಕಡಾ 60ರ ಆರ್ದ್ರತೆಯಲ್ಲಿ ಇಡಿ. ಭ್ರೂಣ ತಾನಾಗಿ ಮೇಲಕ್ಕೆ ತಿರುಗುತ್ತದೆ. 40 ಗಂಟೆಯ ಹೊತ್ತಿಗೆ ಮೊಂಡು ತುದಿಯಲ್ಲಿ ಸಣ್ಣ ತೂತು ಕೊರೆದು, 18 ಗೇಜ್ ಸೂಜಿಯನ್ನು ಚಿಪ್ಪಿಗೆ ಒರಗಿಸಿಕೊಂಡು ಕೆಳಮುಖವಾಗಿ ಇಳಿಸಿ 2ರಿಂದ 3 ಮಿಲಿಲೀಟರ್ ಬಿಳಿಭಾಗ ಎಳೆಯಿರಿ. ಇದರಿಂದ ಭ್ರೂಣ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಈ ಹೆಜ್ಜೆ ಬಿಟ್ಟರೆ ಕಿಟಕಿ ಕತ್ತರಿಸುವಾಗ ಕತ್ತರಿ ಭ್ರೂಣಕ್ಕೇ ತಾಗುತ್ತದೆ. ಸಿರಿಂಜಿನಲ್ಲಿ ಹಳದಿ ಬಂದರೆ ಭಂಡಾರ ಒಡೆದಿದೆ, ಆ ಮೊಟ್ಟೆ ಬಿಡಿ. ತೂತಿಗೆ ಸೆಲ್ಲೊಟೇಪ್ ಅಂಟಿಸಿ, ಮೇಲ್ಭಾಗಕ್ಕೂ ಟೇಪ್ ಹಚ್ಚಿ, ಬಾಗಿದ ತುದಿಯ ಸಣ್ಣ ಕತ್ತರಿಯಿಂದ 2 ಸೆಂಟಿಮೀಟರ್ ಕಿಟಕಿ ತೆರೆಯಿರಿ. ಒಣಗದಂತೆ ಉಪ್ಪುನೀರಿನ ದ್ರಾವಣ ತೊಟ್ಟಿಕ್ಕಿಸಿ: ಲೀಟರಿಗೆ ಸೋಡಿಯಂ ಕ್ಲೋರೈಡ್ 7.2 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.37 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 0.23 ಗ್ರಾಂ. ಸೂಕ್ಷ್ಮದರ್ಶಕಕ್ಕೆ ಬೇಕಾದರೆ ಫಿಲ್ಟರ್ ಪೇಪರಿನಲ್ಲಿ ಒಂದು ಸೆಂಟಿಮೀಟರ್ ತೂತಿನ ಉಂಗುರ ಕತ್ತರಿಸಿ, ಭ್ರೂಣ ನಡುವೆ ಬರುವಂತೆ ಪೊರೆಯ ಮೇಲೆ ಇಟ್ಟು, ಸುತ್ತ ಕತ್ತರಿಸಿ, ಉಂಗುರ ಸಮೇತ ಎತ್ತಿ ದ್ರಾವಣಕ್ಕೆ ಹಾಕಿ. ಈ ಎಲ್ಲ ಹೊತ್ತಿನಲ್ಲಿ ಕರೆಂಟು ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಇನ್ವರ್ಟರ್ ಇಲ್ಲದ ಲ್ಯಾಬಿಗೆ ಮಳೆಗಾಲ ಇದಕ್ಕೆ ಹೊತ್ತಲ್ಲ.

ಆರ್ಡರ್ ಬರೆಯುವಾಗ ‘ಒಂದು ಸೆಟ್’ ಎನ್ನದೆ ಹೀಗೆ ಬರೆಯಿರಿ: 18 ಗಂಟೆ, ಪ್ರಿಮಿಟಿವ್ ಸ್ಟ್ರೀಕ್ ಕಾಣುವಂಥದ್ದು, ಒಂದು; 33 ಗಂಟೆ, 9ರಿಂದ 11 ಜೋಡಿ ಸೊಮೈಟ್, ಎರಡು (ಹೆಚ್ಚು ಕೈ ತಾಗುವುದು ಇದಕ್ಕೇ); 48 ಗಂಟೆ, ಕಣ್ಣಿನ ಬಟ್ಟಲು ಮೂಡಿದ್ದು, ಒಂದು; 72 ಗಂಟೆ, ಎರಡೂ ಜೋಡಿ ಮೊಗ್ಗು ಕಾಣುವಂತೆ, ಒಂದು; 72 ಗಂಟೆಯ ಅಡ್ಡ ಸೀಳಿಕೆ, ರೆಕ್ಕೆಗೂ ಕಾಲಿಗೂ ನಡುವಿನ ಭಾಗ, ನರನಾಳ ಮತ್ತು ನೊಟೊಕಾರ್ಡ್ ಹರಿಯದೆ ಇರುವುದು, ಎರಡು. ತಾಳೆಯಾಗದಿದ್ದರೆ ಬದಲಿಸಿ ಕೊಡಬೇಕು ಎಂಬ ಸಾಲನ್ನೂ ಸೇರಿಸಿ. ಮಂಗಳೂರಿನಿಂದ ತರಿಸುವುದಾದರೆ ಬೇರೆ ರಾಜ್ಯದ ಖರೀದಿಯಾದ್ದರಿಂದ ಬಿಲ್ಲಿನಲ್ಲಿ ಐಜಿಎಸ್‌ಟಿ ಬರಬೇಕು, ಅದನ್ನೂ ನೋಡಿಕೊಂಡು ಪಾರ್ಸೆಲ್ ಬಿಚ್ಚಿದ ದಿನವೇ ಎಲ್ಲ ಸ್ಲೈಡನ್ನೂ 4Xನಲ್ಲಿ ಒಮ್ಮೆ ಹಾಯಿಸಿ.